ನಮ್ಮ ನೆಲದ ಸಸ್ಯಾಹಾರಿ ದೈತ್ಯರು

ಇಂದಿನ ಮಕ್ಕಳಿಗೆ ಡೈನೋಸಾರ್‌ಗಳ ಹೆಸರನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಗುವೂ ಟಿ-ರೆಕ್ಸ್, ಟ್ರೈಸೆರಾಟಾಪ್ಸ್, ಬ್ರಾಕಿಯೋಸಾರಸ್ ಎಂದು ತಡವರಿಸದೆ ಹೇಳುತ್ತದೆ. ಆಟಿಕೆಗಳಲ್ಲಿ, ಕಾರ್ಟೂನುಗಳಲ್ಲಿ ಕಾಣುವ ಈ ಪ್ರಾಣಿಗಳು ಹೆಚ್ಚಾಗಿ ಅಮೆರಿಕದ ನೆಲದಲ್ಲಿ ಸಿಕ್ಕವು. ಆದರೆ ಬಾರಾಪಾಸಾರಸ್, ಕೋಟಾಸಾರಸ್, ಇಸಿಸಾರಸ್ ಎಂಬ ಹೆಸರುಗಳನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಈ ಮೂರೂ ನಮ್ಮ ದೇಶದ ಮಣ್ಣಿನಲ್ಲೇ ಸಿಕ್ಕವು. ಮೂರೂ ಅಪ್ಪಟ ಸಸ್ಯಾಹಾರಿಗಳು. ಹೈದರಾಬಾದು, ಪುಣೆ, ಮುಂಬಯಿ, ಚೆನ್ನೈಗಳಲ್ಲಿ ಬದುಕು ಕಟ್ಟಿಕೊಂಡಿರುವ ನಮ್ಮಂಥವರಿಗೆ ಇವು ಒಂದು ಲೆಕ್ಕದಲ್ಲಿ ನೆರೆಹೊರೆಯವರೇ.

ಈ ದೈತ್ಯರು ಏನು ತಿನ್ನುತ್ತಿದ್ದರು, ಹೇಗೆ ತಿನ್ನುತ್ತಿದ್ದರು, ಅದು ನಮಗೆ ಹೇಗೆ ತಿಳಿಯಿತು ಎಂಬುದು ಈ ಲೇಖನದ ವಿಷಯ. ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಸಿಕ್ಕಿದ್ದರಲ್ಲಿ ನಾವು ಉಳಿಸಿಕೊಂಡದ್ದೆಷ್ಟು, ಕಳೆದುಕೊಂಡದ್ದೆಷ್ಟು?

ಹಲ್ಲು ಹೇಳುವ ಮಾತು

ಕೋಟ್ಯಂತರ ವರ್ಷಗಳ ಹಿಂದೆ ಸತ್ತ ಪ್ರಾಣಿ ಸಸ್ಯಾಹಾರಿಯೋ ಮಾಂಸಾಹಾರಿಯೋ ಎಂದು ತಿಳಿಯಲು ಮೊದಲು ನೋಡುವುದು ಹಲ್ಲನ್ನು. ಮಾಂಸಾಹಾರಿ ಡೈನೋಸಾರ್‌ಗಳ ಹಲ್ಲು ಸಾಮಾನ್ಯವಾಗಿ ಬಾಗಿದ ಚೂರಿಯಂತೆ. ಅಂಚಿನಲ್ಲಿ ಗರಗಸದಂಥ ಸಣ್ಣ ಕಚ್ಚುಗಳು. ಸಸ್ಯಾಹಾರಿಗಳ ಹಲ್ಲು ಹಾಗಿರುವುದಿಲ್ಲ. ಅವುಗಳಲ್ಲೂ ಒಂದೊಂದು ಬಳಗಕ್ಕೆ ಒಂದೊಂದು ವಿನ್ಯಾಸ.

ಬಾತುಕೋಳಿಯ ಕೊಕ್ಕಿನಂಥ ಮೂತಿಯ ಹ್ಯಾಡ್ರೋಸಾರ್‌ಗಳ ಬಾಯಲ್ಲಿ ನೂರಾರು ಸಣ್ಣ ಹಲ್ಲುಗಳು ಒತ್ತೊತ್ತಾಗಿ ಸೇರಿ ಬೀಸುವ ಕಲ್ಲಿನಂಥ ಮೇಲ್ಮೈಯೇ ಆಗಿತ್ತು. ಟ್ರೈಸೆರಾಟಾಪ್ಸ್‌ಗೆ ಗಿಣಿಯ ಕೊಕ್ಕಿನಂಥ ಬಾಯಿ. ಅದರ ಹಿಂದೆ ಕತ್ತರಿಯಂತೆ ಒಂದರ ಪಕ್ಕ ಒಂದು ಜಾರುವ ಹಲ್ಲಿನ ಸಾಲು. ಬೆನ್ನ ಮೇಲೆ ಫಲಕಗಳನ್ನು ಹೊತ್ತ ಸ್ಟೆಗೋಸಾರಸ್‌ನ ಹಲ್ಲುಗಳು ಚಿಕ್ಕವು, ಎಲೆಯಾಕಾರದವು. ಬಾಲದಲ್ಲಿ ಮಾತ್ರ ಉದ್ದನೆಯ ಮುಳ್ಳುಗಳು. ಮೈತುಂಬ ಎಲುಬಿನ ಕವಚ ತೊಟ್ಟ ಆಂಕಿಲೋಸಾರಸ್‌ಗೆ ಬಾಲದ ತುದಿಯಲ್ಲೊಂದು ಗದೆ. ಸಸ್ಯಾಹಾರಿ ಎಂದರೆ ಸಾಧು ಎಂದು ಭಾವಿಸಬೇಕಾಗಿಲ್ಲ. ಕಾಡೆಮ್ಮೆ, ಆನೆಗಳನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇವೆಲ್ಲಕ್ಕಿಂತ ದೊಡ್ಡವು ಸಾರೋಪಾಡ್‌ಗಳು. ಉದ್ದ ಕತ್ತು, ಉದ್ದ ಬಾಲ, ಕಂಬದಂಥ ನಾಲ್ಕು ಕಾಲು, ಮೈಗೆ ಹೋಲಿಸಿದರೆ ನಗು ಬರಿಸುವಷ್ಟು ಚಿಕ್ಕ ತಲೆ. ನೆಲದ ಮೇಲೆ ನಡೆದಾಡಿದ ಪ್ರಾಣಿಗಳಲ್ಲೆಲ್ಲ ಅತಿ ದೊಡ್ಡವು ಈ ಬಳಗಕ್ಕೆ ಸೇರಿದವು. ಭಾರತದಲ್ಲಿ ಸಿಕ್ಕಿರುವ ಸಸ್ಯಾಹಾರಿ ಡೈನೋಸಾರ್‌ಗಳಲ್ಲಿ ಹೆಚ್ಚಿನವು ಸಾರೋಪಾಡ್‌ಗಳೇ. ಆದ್ದರಿಂದ ಅವುಗಳ ಊಟದ ರೀತಿಯನ್ನು ಸ್ವಲ್ಪ ವಿವರವಾಗಿ ನೋಡೋಣ.

ಅಗಿಯದೆ ನುಂಗಿದ್ದೇ ಗುಟ್ಟು

ನಮ್ಮ ಆನೆಯನ್ನು ಎದುರಿಗಿಟ್ಟುಕೊಂಡು ಯೋಚಿಸಿದರೆ ಸಾರೋಪಾಡ್‌ಗಳ ಮೈಕಟ್ಟು ಸುಲಭವಾಗಿ ಅರ್ಥವಾಗುತ್ತದೆ. ಆನೆ ಸೊಪ್ಪನ್ನು ಚೆನ್ನಾಗಿ ಅಗಿದು ತಿನ್ನುತ್ತದೆ. ಅಗಿಯಲು ದೊಡ್ಡ ದವಡೆ ಹಲ್ಲುಗಳು ಬೇಕು, ಅವನ್ನು ಹಿಡಿದಿಡಲು ದೊಡ್ಡ ದವಡೆ ಬೇಕು, ದವಡೆಯನ್ನು ಆಡಿಸಲು ದಪ್ಪ ಸ್ನಾಯು ಬೇಕು. ಹೀಗಾಗಿ ತಲೆ ಭಾರವಾಗುತ್ತದೆ. ಅಷ್ಟು ಭಾರದ ತಲೆಯನ್ನು ಉದ್ದ ಕತ್ತಿನ ತುದಿಯಲ್ಲಿ ಇಡಲಾಗದು. ಅದಕ್ಕೇ ಆನೆಗೆ ಗಿಡ್ಡ ಕತ್ತು. ದೂರದ ಕೊಂಬೆಗೆ ಚಾಚಲು ಸೊಂಡಿಲು.

ಸಾರೋಪಾಡ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ಅದಕ್ಕೆ ಅಗಿಯುವ ಗೊಡವೆಯೇ ಇರಲಿಲ್ಲ. ಚಮಚದಂಥ ಅಥವಾ ಪೆನ್ಸಿಲಿನಂಥ ಹಲ್ಲುಗಳಿಂದ ಎಲೆಗಳನ್ನು ಕಿತ್ತು ಹಾಗೆಯೇ ನುಂಗುತ್ತಿತ್ತು. ಉಳಿದ ಕೆಲಸವೆಲ್ಲ ಆ ಬೃಹತ್ ಹೊಟ್ಟೆಯದು. ಅಲ್ಲಿ ಸೂಕ್ಷ್ಮಜೀವಿಗಳು ಸೊಪ್ಪನ್ನು ದಿನಗಟ್ಟಲೆ ಹುದುಗಿಸಿ ಸತ್ವ ತೆಗೆಯುತ್ತಿದ್ದವು. ದೋಸೆಹಿಟ್ಟನ್ನು ರಾತ್ರಿಯಿಡೀ ಹುದುಗಲು ಬಿಡುವ ನಮಗೆ ಈ ಕ್ರಮ ತೀರಾ ಅಪರಿಚಿತವಲ್ಲ.

ಅಗಿಯುವುದನ್ನು ಬಿಟ್ಟದ್ದರಿಂದ ತಲೆ ಹಗುರಾಯಿತು. ತಲೆ ಹಗುರಾದದ್ದರಿಂದ ಕತ್ತು ಉದ್ದವಾಗಲು ಸಾಧ್ಯವಾಯಿತು. ಕತ್ತು ಉದ್ದವಾದದ್ದರಿಂದ ನಿಂತಲ್ಲೇ ನಿಂತು ಸುತ್ತಲಿನ ಸೊಪ್ಪನ್ನೆಲ್ಲ ತಿನ್ನಬಹುದಾಯಿತು. ಅಷ್ಟು ಭಾರದ ದೇಹವನ್ನು ಎಳೆದುಕೊಂಡು ಹೆಜ್ಜೆಹೆಜ್ಜೆಗೂ ನಡೆಯುವ ಶ್ರಮ ಉಳಿಯಿತು. ಕತ್ತಿನ ಮೂಳೆಗಳ ಒಳಗೆ ಇಂದಿನ ಹಕ್ಕಿಗಳಲ್ಲಿರುವಂತೆ ಗಾಳಿಯ ಪೊಟರೆಗಳಿದ್ದವು. ನೋಡಲು ತೊಲೆ, ತೂಕದಲ್ಲಿ ಹಗುರ. ಒಂದು ಅನುಕೂಲದಿಂದ ಇನ್ನೊಂದು ಹುಟ್ಟಿ, ಕೊನೆಗೆ ನೆಲದ ಮೇಲಿನ ಅತಿ ದೊಡ್ಡ ಪ್ರಾಣಿಗಳು ರೂಪುಗೊಂಡವು.

ಇದೇ ಹಗುರ ತಲೆ ವಿಜ್ಞಾನಿಗಳಿಗೆ ತಲೆನೋವೂ ಆಗಿದೆ. ತೆಳು ಮೂಳೆಯ ಆ ಪುಟ್ಟ ತಲೆ ಪ್ರಾಣಿ ಸತ್ತ ಮೇಲೆ ಬೇಗ ಕಳಚಿ ಕಳೆದುಹೋಗುತ್ತದೆ. ನಮ್ಮ ಬಾರಾಪಾಸಾರಸ್‌ಗೂ ಇಸಿಸಾರಸ್‌ಗೂ ಇಂದಿನವರೆಗೆ ತಲೆಬುರುಡೆ ಸಿಕ್ಕಿಲ್ಲ.

ಗೋದಾವರಿ ಕಣಿವೆಯ ದೊಡ್ಡಕಾಲಿನವನು

ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸ್ಥಾಪಿಸಿದವರು ಪಿ. ಸಿ. ಮಹಾಲನೋಬಿಸ್. ಸಂಖ್ಯಾಶಾಸ್ತ್ರಕ್ಕೂ ಡೈನೋಸಾರ್‌ಗೂ ಎಲ್ಲಿಂದೆಲ್ಲಿಯ ಸಂಬಂಧ ಎನಿಸಬಹುದು. ಅಳೆಯಲು ಬರುವ ಎಲ್ಲ ವಿಜ್ಞಾನಗಳಿಗೂ ತಮ್ಮ ಸಂಸ್ಥೆಯಲ್ಲಿ ಜಾಗ ಇರಬೇಕೆಂಬುದು ಅವರ ನಿಲುವು. ಅವರ ಆಹ್ವಾನದ ಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪಳೆಯುಳಿಕೆ ತಜ್ಞೆ ಪಮೇಲಾ ರಾಬಿನ್ಸನ್ 1957ರಲ್ಲಿ ಭಾರತಕ್ಕೆ ಬಂದರು. ಆ ಸಂಸ್ಥೆಯಲ್ಲಿ ಭೂವಿಜ್ಞಾನ ವಿಭಾಗವನ್ನು ಕಟ್ಟಿ, ತರುಣರನ್ನು ಪ್ರಾಣಹಿತಾ–ಗೋದಾವರಿ ಕಣಿವೆಗೆ ಕರೆದೊಯ್ದು, ಬಂಡೆಗಳಲ್ಲಿ ಹುಡುಕುವುದನ್ನು ಕಲಿಸಿದರು. ಭಾರತದ ಡೈನೋಸಾರ್ ಅಧ್ಯಯನದ ಒಂದು ಮುಖ್ಯ ಪರಂಪರೆಯೇ ಹೀಗೆ ಒಬ್ಬ ಮಹಿಳೆಯ ಕೈಯಲ್ಲಿ ಬೇರೂರಿತೆಂಬುದನ್ನು ನಮ್ಮ ವೇದಿಕೆಯ ಸಂಚಿಕೆಯಲ್ಲಿ ನೆನೆಯುವುದು ಉಚಿತ.

ಆ ಕಣಿವೆಯ ಪೋಚಂಪಲ್ಲಿ ಎಂಬ ಹಳ್ಳಿಯ ಬಳಿ ಸುಮಾರು 300 ಮೂಳೆಗಳು ಒಂದೇ ಕಡೆ ಸಿಕ್ಕವು. (ನಮ್ಮ ಇಕ್ಕತ್ ಸೀರೆಯ ಪೋಚಂಪಲ್ಲಿಯಲ್ಲ, ಇದು ಗೋದಾವರಿ ಕಡೆಯ ಬೇರೆಯೇ ಊರು.) ಕನಿಷ್ಠ ಆರು ಪ್ರಾಣಿಗಳಿಗೆ ಸೇರಿದ ಮೂಳೆಗಳು. ತೊಡೆಯ ಮೂಳೆಯೇ ಒಂದು ಆಳಿನಷ್ಟು ಉದ್ದ. ಬಂಗಾಳಿಯಲ್ಲಿ ‘ಬಡ ಪಾ’ ಎಂದರೆ ದೊಡ್ಡ ಕಾಲು. 1961 ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವದ ವರ್ಷವಾದ್ದರಿಂದ ಅವರ ಹೆಸರೂ ಸೇರಿತು. 1975ರಲ್ಲಿ ಬಾರಾಪಾಸಾರಸ್ ಟಾಗೋರೈ ಎಂಬ ನಾಮಕರಣ ಪ್ರಕಟವಾಯಿತು. ಕವಿಯೊಬ್ಬರ ಹೆಸರು ಹೊತ್ತ ಡೈನೋಸಾರ್! ಸುಮಾರು 14 ಮೀಟರ್ ಉದ್ದದ ಈ ಪ್ರಾಣಿಯ ಅಸ್ಥಿಪಂಜರವನ್ನು ಜೋಡಿಸಿ ಕೋಲ್ಕತ್ತದ ಆ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದ್ದಾರೆ.

ಅದೇ ಕಣಿವೆಯ ಯಾಮನಪಲ್ಲಿಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರಿಗೆ ಸಿಕ್ಕಿದ್ದು ಕೋಟಾಸಾರಸ್. ಕನಿಷ್ಠ ಹನ್ನೆರಡು ಪ್ರಾಣಿಗಳಿಗೆ ಸೇರಿದ 840 ಮೂಳೆಗಳು. 1988ರಲ್ಲಿ ಪಿ. ಯಾದಗಿರಿ ಅದಕ್ಕೆ ಹೆಸರಿಟ್ಟರು. ಇದರ ಅಸ್ಥಿಪಂಜರ ಹೈದರಾಬಾದಿನ ಬಿರ್ಲಾ ವಿಜ್ಞಾನ ಸಂಗ್ರಹಾಲಯದಲ್ಲಿದೆ. ಇವೆರಡೂ ಸಾರೋಪಾಡ್‌ಗಳ ಆರಂಭದ ಕಾಲದವು. ಮುಂದೆ ಬಂದ ದೈತ್ಯರ ಮೈಕಟ್ಟು ಹೇಗೆ ರೂಪುಗೊಳ್ಳತೊಡಗಿತು ಎಂದು ತಿಳಿಯಲು ಹೊರದೇಶಗಳ ತಜ್ಞರೂ ಇವುಗಳತ್ತ ನೋಡುತ್ತಾರೆ.

ಲದ್ದಿಯಲ್ಲಿ ಸಿಕ್ಕ ಹುಲ್ಲು

ಈಗ ಗೋದಾವರಿ ಕಣಿವೆಯ ಕಾಲದಿಂದ ಹತ್ತು ಕೋಟಿ ವರ್ಷಕ್ಕೂ ಹೆಚ್ಚು ಮುಂದೆ, ಡೈನೋಸಾರ್ ಯುಗದ ಕೊನೆಯ ದಿನಗಳಿಗೆ ಬರೋಣ. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಮಾತು. ದಖ್ಖನ್ನಿನಲ್ಲಿ ಲಾವಾರಸ ಉಕ್ಕಿ ಹರಿಯುತ್ತಿದ್ದ ಕಾಲ. ಆಗ ನಮ್ಮ ನೆಲದಲ್ಲಿ ಓಡಾಡುತ್ತಿದ್ದವು ಟೈಟಾನೋಸಾರ್ ಎಂಬ ಸಾರೋಪಾಡ್‌ಗಳು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಡೋಂಗರಗಾಂವ್‌ನಲ್ಲಿ ಸಿಕ್ಕ ಇಸಿಸಾರಸ್ ಇದೇ ಬಳಗದ್ದು. ಕತ್ತು ತನ್ನ ಬಂಧುಗಳಿಗಿಂತ ಗಿಡ್ಡ, ಮುಂಗಾಲು ಉದ್ದ, ನೋಟವೇ ವಿಲಕ್ಷಣ. ಸಂಖ್ಯಾಶಾಸ್ತ್ರ ಸಂಸ್ಥೆಯ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳೇ ಇದರ ಹೆಸರಿನಲ್ಲಿವೆ.

ಅದೇ ಜಿಲ್ಲೆಯ ಪಿಸದುರಾ ಎಂಬಲ್ಲಿ ಕಲ್ಲಾಗಿ ಹೋದ ಲದ್ದಿಯ ಉಂಡೆಗಳು ಸಿಗುತ್ತವೆ. ಟೈಟಾನೋಸಾರ್‌ಗಳದ್ದೆಂದು ತಿಳಿಯಲಾದ ಈ ಲದ್ದಿಯನ್ನು ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಂದನಾ ಪ್ರಸಾದ್, ಸ್ವೀಡನ್ನಿನ ಸಂಗ್ರಹಾಲಯವೊಂದರಲ್ಲಿದ್ದ ಕ್ಯಾರೊಲಿನ್ ಸ್ಟ್ರಾಂಬರ್ಗ್, ಹಿರಿಯ ವಿಜ್ಞಾನಿ ಅಶೋಕ್ ಸಾಹ್ನಿ ಮತ್ತು ಸಂಗಡಿಗರು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಅಲ್ಲಿ ಕಂಡದ್ದು ಸಸ್ಯಗಳ ಜೀವಕೋಶದಲ್ಲಿ ಬೆಳೆಯುವ ಸಿಲಿಕಾದ ಸೂಕ್ಷ್ಮ ಕಣಗಳು. ಗಿಡ ಕೊಳೆತರೂ ಇವು ಕೊಳೆಯುವುದಿಲ್ಲ. ಹುಲ್ಲಿನ ಗರಿ ಬೆರಳನ್ನು ಕೊಯ್ಯುವುದಕ್ಕೂ, ಭತ್ತದ ಹೊಟ್ಟಿನ ಬೂದಿಯಲ್ಲಿ ನಮ್ಮ ಅಜ್ಜಿಯರು ತಿಕ್ಕಿದ ಹಿತ್ತಾಳೆ ಪಾತ್ರೆ ಥಳಥಳಿಸುತ್ತಿದ್ದುದಕ್ಕೂ ಇದೇ ಸಿಲಿಕಾ ಕಾರಣ. ಒಂದೊಂದು ಬಗೆಯ ಸಸ್ಯದಲ್ಲಿ ಕಣದ ಆಕಾರ ಒಂದೊಂದು ಬಗೆ. ಹೀಗಾಗಿ ಕಣ ನೋಡಿ ಗಿಡವನ್ನು ಗುರುತಿಸಬಹುದು.

ಲದ್ದಿಯಲ್ಲಿ ತಾಳೆ, ಸೈಕಾಡ್, ಪೈನ್ ಬಳಗದ ಮರಗಳ ಕುರುಹು ಇತ್ತು. ಅದರಲ್ಲಿ ಅಚ್ಚರಿಯೇನಿಲ್ಲ. ಅಚ್ಚರಿ ತಂದದ್ದು ಹುಲ್ಲು. ಕನಿಷ್ಠ ಐದು ಬಗೆಯ ಹುಲ್ಲಿನ ಕಣಗಳು ಅಲ್ಲಿದ್ದವು. ಡೈನೋಸಾರ್‌ಗಳು ಅಳಿದ ಎಷ್ಟೋ ಕಾಲದ ನಂತರವೇ ಹುಲ್ಲುಗಳು ಬೇರೆಬೇರೆ ಬಗೆಯಾಗಿ ಬೆಳೆದವೆಂದು ಅಲ್ಲಿಯವರೆಗೆ ನಂಬಲಾಗಿತ್ತು. 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಈ ಪ್ರಬಂಧ ಆ ನಂಬಿಕೆಯನ್ನು ಅಲುಗಿಸಿತು. 2011ರಲ್ಲಿ ಇದೇ ಬಗೆಯ ಲದ್ದಿಯಲ್ಲಿ ಭತ್ತದ ಹತ್ತಿರದ ಬಂಧುಗಳೂ ಇದ್ದವೆಂದು ಇನ್ನೊಂದು ಪ್ರಬಂಧ ಹೊರಬಂತು. ನಮ್ಮ ಅನ್ನದ ವಂಶಾವಳಿಯ ಒಂದು ಪುಟ ಡೈನೋಸಾರ್‌ನ ಲದ್ದಿಯಲ್ಲಿ ಉಳಿದಿತ್ತು! ಮುಂದೆ ವಂದನಾ ಪ್ರಸಾದ್ ಆ ಸಂಸ್ಥೆಯ ನಿರ್ದೇಶಕಿಯೂ ಆದರು.

ಮೊಟ್ಟೆ, ಗೂಡು, ತಾಯಿ

ಇಷ್ಟು ದೊಡ್ಡ ಟೈಟಾನೋಸಾರ್‌ನ ಮೊಟ್ಟೆ ಎಷ್ಟಿರಬಹುದು? ಹೆಚ್ಚೆಂದರೆ ಒಂದು ಸಣ್ಣ ಕರಬೂಜದ ಹಣ್ಣಿನಷ್ಟು, ಅಡ್ಡಳತೆ ಸುಮಾರು 15 ಸೆಂಟಿಮೀಟರ್ ಅಷ್ಟೇ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ, ನರ್ಮದಾ ಕಣಿವೆಯಲ್ಲಿ, ಟೈಟಾನೋಸಾರ್‌ಗಳ 92 ಗೂಡುಗಳನ್ನೂ 256 ಮೊಟ್ಟೆಗಳನ್ನೂ ಗುರುತಿಸಿದ ವರದಿ 2023ರ ಜನವರಿಯಲ್ಲಿ ಪ್ರಕಟವಾಯಿತು. ಅದರ ಮೊದಲ ಲೇಖಕಿ ಹರ್ಷಾ ಧೀಮಾನ್. ಗೂಡುಗಳು ಎಷ್ಟು ಹತ್ತಿರಹತ್ತಿರ ಇವೆಯೆಂದರೆ ನಡುವೆ ತಾಯಿ ಕಾಲಿಡಲೂ ಜಾಗವಿಲ್ಲ. ಮೊಟ್ಟೆ ಇಟ್ಟು ಹೊರಟುಹೋಗುತ್ತಿದ್ದಿರಬೇಕು, ಮರಿಗಳು ತಮ್ಮ ಪಾಡು ತಾವೇ ನೋಡಿಕೊಳ್ಳುತ್ತಿದ್ದಿರಬೇಕು ಎಂಬುದು ತಜ್ಞರ ಊಹೆ.

ಆ ಮರಿಗಳ ಪಾಡೇನು ಎಂಬುದಕ್ಕೂ ಸಾಕ್ಷಿಯಿದೆ. ಗುಜರಾತಿನಲ್ಲಿ ಧನಂಜಯ ಮೊಹಬೆ ಅವರಿಗೆ ದೊರೆತ ಒಂದು ಗೂಡಿನಲ್ಲಿ ಮೊಟ್ಟೆಗಳ ಜೊತೆ, ಆಗತಾನೆ ಹೊರಬಂದ ಮರಿಯ ಪಕ್ಕದಲ್ಲಿ, ಸುಮಾರು ಮೂರೂವರೆ ಮೀಟರ್ ಉದ್ದದ ಹಾವಿನ ಅಸ್ಥಿಪಂಜರವಿತ್ತು. ಬೇಟೆಗೆ ಬಂದ ಹಾವೂ ಬೇಟೆಯಾಗಬೇಕಿದ್ದ ಮರಿಯೂ ಒಟ್ಟಿಗೇ ಮಣ್ಣಿನಲ್ಲಿ ಮುಚ್ಚಿಹೋಗಿದ್ದವು. 2010ರಲ್ಲಿ ಆ ಹಾವಿಗೆ ಸನಾಜೆ ಇಂಡಿಕಸ್ ಎಂದು ಹೆಸರಿಡಲಾಯಿತು.

ಎಲ್ಲ ಸಸ್ಯಾಹಾರಿಗಳೂ ಹೀಗೆ ಬಿಟ್ಟುಹೋಗುತ್ತಿರಲಿಲ್ಲ. ಅಮೆರಿಕದ ಮೊಂಟಾನಾದಲ್ಲಿ ಮರಿಯಯಾನ್ ಬ್ರಾಂಡ್‌ವೋಲ್ಡ್ ಎಂಬ ಅಂಗಡಿಯ ಒಡತಿ 1978ರಲ್ಲಿ ತೋರಿಸಿದ ಪುಟ್ಟ ಮೂಳೆಗಳಿಂದಾಗಿ ಹ್ಯಾಡ್ರೋಸಾರ್‌ಗಳ ಗೂಡುಗಳೇ ಪತ್ತೆಯಾದವು. ಗೂಡಿನಲ್ಲಿದ್ದ ಮರಿಗಳು ಸ್ವಲ್ಪ ಬೆಳೆದಿದ್ದವು, ಹಲ್ಲುಗಳು ಸವೆದಿದ್ದವು. ಅಂದರೆ ಯಾರೋ ಅವಕ್ಕೆ ಗೂಡಿಗೇ ಆಹಾರ ತಂದುಕೊಡುತ್ತಿದ್ದಿರಬೇಕು. ಆ ಪ್ರಾಣಿಗೆ ಮಾಯಾಸಾರಾ, ‘ಒಳ್ಳೆಯ ತಾಯಿ ಹಲ್ಲಿ’ ಎಂಬ ಹೆಸರು ಬಂತು.

ಉಳಿದದ್ದು, ಕಳೆದದ್ದು

ಈಗ ಮೊದಲೇ ಹೇಳಿದ ಆ ಇನ್ನೊಂದು ಮಾತು.

1828ರಲ್ಲಿ ಜಬಲಪುರದ ಬಡಾ ಸಿಮ್ಲಾ ಗುಡ್ಡದಲ್ಲಿ ವಿಲಿಯಂ ಸ್ಲೀಮನ್‌ಗೆ ಕೆಲವು ಕಲ್ಲಾದ ಮೂಳೆಗಳು ಸಿಕ್ಕವು. ಠಕ್ಕರನ್ನು ಹತ್ತಿಕ್ಕಿದ ಬ್ರಿಟಿಷ್ ಅಧಿಕಾರಿಯೆಂದು ಇತಿಹಾಸದಲ್ಲಿ ಓದುತ್ತೇವಲ್ಲ, ಅವನೇ. ಆಗಿನ್ನೂ ‘ಡೈನೋಸಾರ್’ ಎಂಬ ಪದವೇ ಹುಟ್ಟಿರಲಿಲ್ಲ. ರಿಚರ್ಡ್ ಓವೆನ್ ಅದನ್ನು ಬಳಕೆಗೆ ತಂದದ್ದು 1842ರಲ್ಲಿ. ಜಬಲಪುರದ ಬಾಲದ ಮಣಿಗಳಿಗೆ 1877ರಲ್ಲಿ ರಿಚರ್ಡ್ ಲಿಡೆಕ್ಕರ್ ಟೈಟಾನೋಸಾರಸ್ ಇಂಡಿಕಸ್ ಎಂದು ಹೆಸರಿಟ್ಟ. ಇಂದು ಪ್ರಪಂಚದಾದ್ಯಂತ ಬಳಸುವ ‘ಟೈಟಾನೋಸಾರ್’ ಎಂಬ ಬಳಗದ ಹೆಸರಿಗೆ ಮೂಲ ಈ ಜಬಲಪುರದ ಕಲ್ಲು. ಆದರೆ ಆ ಮೂಲ ಮೂಳೆಯೇ ಮುಂದೆ ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದಂತಾಯಿತು. ಕೊನೆಗೆ 2012ರಲ್ಲಿ ಕೋಲ್ಕತ್ತದಲ್ಲಿ, ಭೂವೈಜ್ಞಾನಿಕ ಸರ್ವೇಕ್ಷಣೆಯ ಸಂಗ್ರಹದಲ್ಲೇ, ಮತ್ತೆ ಪತ್ತೆಯಾಯಿತು. ಕಳೆದದ್ದು ಮನೆಯೊಳಗೇ ಇತ್ತು.

ಎಲ್ಲಕ್ಕೂ ಅಂಥ ಅದೃಷ್ಟವಿಲ್ಲ. ತಮಿಳುನಾಡಿನ ಅರಿಯಲೂರಿನ ಬಳಿಯ ಕಲ್ಲಮೇಡಿನಲ್ಲಿ, ಭೂವಿಜ್ಞಾನಿಗಳು ಕಾವೇರಿ ಬೇಸಿನ್ ಎಂದು ಕರೆಯುವ ಪ್ರದೇಶದಲ್ಲಿ, ಅಗಾಧ ಗಾತ್ರದ ಮೂಳೆಗಳು ಸಿಕ್ಕಿದ್ದವು. ಮೊಣಕಾಲಿನ ಕೆಳಗಿನ ಮೂಳೆಯೊಂದೇ ಸುಮಾರು ಎರಡು ಮೀಟರ್. 1980ರ ದಶಕದ ಕೊನೆಯಲ್ಲಿ ಯಾದಗಿರಿ ಮತ್ತು ಅಯ್ಯಾಸಾಮಿ ಅದಕ್ಕೆ ಇಟ್ಟ ಹೆಸರು ನಮಗೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ: ಬೃಹತ್ಕಾಯೋಸಾರಸ್. ಮೊದಲು ಮಾಂಸಾಹಾರಿಯೆಂದು ಬಗೆದರೂ ಮುಂದೆ ಅದು ಟೈಟಾನೋಸಾರ್ ಬಳಗದ ಸಸ್ಯಾಹಾರಿ ಇರಬೇಕೆಂದು ತಜ್ಞರು ಅಭಿಪ್ರಾಯಪಟ್ಟರು. ಇದುವರೆಗೆ ಕಂಡ ಅತಿ ದೊಡ್ಡ ಡೈನೋಸಾರ್‌ಗಳ ಸಾಲಿಗೆ ಇದನ್ನು ಸೇರಿಸುವವರಿದ್ದಾರೆ, ಒಪ್ಪದವರೂ ಇದ್ದಾರೆ. ಆ ಜಗಳ ಬಗೆಹರಿಯುವಂತಿಲ್ಲ, ಏಕೆಂದರೆ ಮೂಳೆಗಳೇ ಇಲ್ಲ. ಮಳೆಯ ತೇವಕ್ಕೆ ಮೊದಲೇ ಮೆತ್ತಗಾಗಿದ್ದ ಅವು ಪುಡಿಪುಡಿಯಾಗಿ ಹೋದವು. ಉಳಿದದ್ದು ಕೆಲವು ಚಿತ್ರಗಳು, ಫೋಟೋಗಳು. ನಮ್ಮ ಐಟಿಯ ಭಾಷೆಯಲ್ಲಿ ಹೇಳುವುದಾದರೆ, ಬ್ಯಾಕಪ್ ಇಲ್ಲದ ಸರ್ವರ್ ಕೆಟ್ಟುಹೋದಂತೆ. ವ್ಯತ್ಯಾಸವೆಂದರೆ ಇಲ್ಲಿ ಡೇಟಾವನ್ನು ಮತ್ತೊಮ್ಮೆ ನಮೂದಿಸಲು ಆಗುವುದಿಲ್ಲ.

ಕೆಲವು ಕಡೆ ಜನರೇ ತಮಗೆ ತಿಳಿದ ರೀತಿಯಲ್ಲಿ ಕಾಪಾಡಿದ್ದಾರೆ. ಧಾರ್ ಜಿಲ್ಲೆಯ ಪಾಡಲ್ಯಾ ಗ್ರಾಮದವರು ಹೊಲದಲ್ಲಿ ಸಿಕ್ಕ ದುಂಡು ಕಲ್ಲುಗಳನ್ನು ಹೊಲ, ದನಕರುಗಳನ್ನು ಕಾಯುವ ಕಾಕಡ ಭೈರವನೆಂದು ತಲೆಮಾರುಗಳಿಂದ ಪೂಜಿಸುತ್ತ ಬಂದಿದ್ದರು. ಅವು ಟೈಟಾನೋಸಾರ್ ಮೊಟ್ಟೆಗಳೆಂದು 2023ರ ಕೊನೆಯಲ್ಲಿ ಸುದ್ದಿಯಾಯಿತು. ಪೂಜೆಗೊಂಡ ಕಲ್ಲನ್ನು ಯಾರೂ ಒಡೆಯಲಿಲ್ಲ, ಮಾರಲಿಲ್ಲ. ಗುಜರಾತಿನ ಬಾಲಾಸಿನೋರ್ ಬಳಿಯ ರೈಯೋಲಿಯಲ್ಲಿ ಹಿಂದಿನ ರಾಜಮನೆತನದ ಆಲಿಯಾ ಸುಲ್ತಾನಾ ಬಾಬಿ ಡೈನೋಸಾರ್ ಉದ್ಯಾನದ ರಕ್ಷಣೆಗಾಗಿ ವರ್ಷಗಟ್ಟಲೆ ದುಡಿದಿದ್ದಾರೆ. ಹಳ್ಳಿಯ ಮನೆಯೊಂದರಲ್ಲಿ ಮಸಾಲೆ ಅರೆಯುವ ಗುಂಡುಕಲ್ಲಾಗಿದ್ದ ಡೈನೋಸಾರ್ ಮೊಟ್ಟೆಯನ್ನು ಅವರು ಗುರುತಿಸಿದ ಪ್ರಸಂಗ ಪತ್ರಿಕೆಗಳಲ್ಲೂ ಬಂದಿದೆ. 2019ರಲ್ಲಿ ಅಲ್ಲಿ ಸಂಗ್ರಹಾಲಯ ತೆರೆಯಿತು. ಪಳೆಯುಳಿಕೆಗಳ ರಕ್ಷಣೆಗೆ ಪ್ರತ್ಯೇಕ ಕಾನೂನು ಬೇಕೆಂಬ ಬೇಡಿಕೆ ಹಳೆಯದು. ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಇದಕ್ಕೊಂದು ಕರಡು ಮಸೂದೆಯನ್ನು ಹೊರತಂದಿತು.

ಕರ್ನಾಟಕದಲ್ಲಿ ಯಾಕಿಲ್ಲ?

ಮಕ್ಕಳು ಖಂಡಿತ ಕೇಳುವ ಪ್ರಶ್ನೆ ಇದು. ಉತ್ತರ ಬಂಡೆಗಳಲ್ಲಿದೆ. ನದಿ, ಕೆರೆಗಳು ತಂದು ಹಾಸಿದ ಹೂಳು ಗಟ್ಟಿಯಾದ ಕಲ್ಲಿನಲ್ಲಿ ಮೂಳೆ ಉಳಿಯುತ್ತದೆ. ಅದೂ ಆ ಹೂಳು ಡೈನೋಸಾರ್ ಕಾಲದ್ದಾಗಿರಬೇಕು. ನಮ್ಮ ರಾಜ್ಯದ ಬಹುಪಾಲು ಕಲ್ಲು ಅದಕ್ಕಿಂತ ಎಷ್ಟೋ ಹಳೆಯದು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೇ ಸುಮಾರು 300 ಕೋಟಿ ವರ್ಷ. ಅದು ಹುಟ್ಟಿದಾಗ ಡೈನೋಸಾರ್ ಇರಲಿ, ಹುಲ್ಲುಕಡ್ಡಿಯೂ ಇರಲಿಲ್ಲ. ಉತ್ತರ ಕರ್ನಾಟಕದ ಕಪ್ಪು ಕಲ್ಲು ಡೈನೋಸಾರ್‌ಗಳ ಕೊನೆಗಾಲದ್ದೇ. ಆದರೆ ಅದು ಆರಿದ ಲಾವಾ, ಮೂಳೆಗಳನ್ನು ಕಾಪಿಡುವ ಹೂಳಲ್ಲ.

ಹಾಗಾಗಿ ಈ ದೈತ್ಯರನ್ನು ನೋಡಲು ಊರಿನಲ್ಲಿರುವ ನಮ್ಮವರಿಗಿಂತ ಹೊರನಾಡಿನಲ್ಲಿರುವ ನಮಗೇ ಅನುಕೂಲ ಹೆಚ್ಚು. ಹೈದರಾಬಾದಿನವರಿಗೆ ಕೋಟಾಸಾರಸ್ ನಗರದೊಳಗೇ ಇದೆ. ಮುಂಬಯಿ, ಪುಣೆಯವರು ಗುಜರಾತಿಗೆ ಹೋದಾಗ ರೈಯೋಲಿಗೆ ಒಂದು ದಿನ ತೆಗೆದಿಡಬಹುದು. ಕೋಲ್ಕತ್ತಕ್ಕೆ ಹೋದವರು ಮೊದಲೇ ವಿಚಾರಿಸಿಕೊಂಡು ಬಾರಾಪಾಸಾರಸ್‌ನ ದೊಡ್ಡ ಕಾಲುಗಳ ಬಳಿ ನಿಂತು ಬರಬಹುದು. ಮುಂದಿನ ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯಿರಿ. ಅಲ್ಲಿ ಅವರಿಗೆ ಉದ್ದದ, ತೂಕದ ಲೆಕ್ಕ ಹೇಳುವ ಮೊದಲು ಒಂದೇ ಪ್ರಶ್ನೆ ಕೇಳಿ: “ಇದು ಏನು ತಿನ್ನುತ್ತಿತ್ತು, ನಿನಗೆ ಹೇಗೆ ಗೊತ್ತು?” ಹಲ್ಲು, ಕತ್ತು, ಲದ್ದಿ, ಹುಲ್ಲು, ಎಲ್ಲದರ ಕಥೆಯೂ ಆ ಪ್ರಶ್ನೆಯಿಂದಲೇ ಹೊರಡುತ್ತದೆ.